ಶಿರಸಿಯ ಮಳೆಗೂ ಉಪ್ಪಿನಕಾಯಿ ಎಣ್ಣೆಗೂ ತಡೆಯುವ ಪ್ರಿಂಟರ್: ಮೂರು ಕೊಂಡ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಜನ ಅಲ್ಲ. ಉಪ್ಪಿನಕಾಯಿ ಜನ. ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗೆ ಮನೆ, ಹಿಂದೆ ಅಡಿಕೆ ತೋಟ, ಪಕ್ಕದ ಹಳೇ ಕೊಟ್ಟಿಗೆಯನ್ನು ಸರಿ ಮಾಡಿಕೊಂಡು ಅದರಲ್ಲೇ ನಮ್ಮ ಗೃಹೋದ್ಯಮ. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್, ಜೋನಿಬೆಲ್ಲ, ಹಲಸಿನ ಹಪ್ಪಳ. ಮುರುಗಲು ಅಂದರೆ ಗೊತ್ತಾಗದವರಿಗೆ ಕೋಕಂ. ಆಯಿ (ನನ್ನ ಅಮ್ಮ), ಹೆಂಡತಿ, ನಾನು, ಮತ್ತೆ ಸೀಸನ್ನಿನಲ್ಲಿ ಕೇರಿಯ ಇಬ್ಬರು ಹೆಂಗಸರು. ತಿಂಗಳಿಗೆ ಆರೇಳು ನೂರು ಬಾಟಲಿ ಹೋಗುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಆ ವರ್ಷ ಜಾಸ್ತಿ.

ಇಷ್ಟು ಸಣ್ಣ ವ್ಯಾಪಾರಕ್ಕೆ ನಾನು ಮೂರು ಪ್ರಿಂಟರ್ ಕೊಂಡಿದ್ದೇನೆ. ಒಂದು ಅಟ್ಟದ ಮೇಲಿದೆ, ಒಂದು ಮಗಳ ಕೋಣೆಯಲ್ಲಿದೆ, ಒಂದು ಕೆಲಸ ಮಾಡುತ್ತಿದೆ. ಮೊದಲೆರಡನ್ನು ಕೊಳ್ಳುವ ಮುಂಚೆ ಯಾರಾದರೂ ನನ್ನನ್ನು ಕೂರಿಸಿ ಎರಡು ಪ್ರಶ್ನೆ ಕೇಳಿದ್ದರೆ ಹದಿನೈದು ಸಾವಿರ ಉಳಿಯುತ್ತಿತ್ತು. ಯಾರೂ ಕೇಳಲಿಲ್ಲ. ಅಂಗಡಿಯವರು ಕೇಳಿದ್ದು ಒಂದೇ, "ಕಲರ್ ಬೇಕಾ, ಬ್ಲಾಕ್ ಅಂಡ್ ವೈಟ್ ಸಾಕಾ?" ಕಲರ್ ಬೇಕು ಅಂದೆ. ತಪ್ಪು ಅಲ್ಲೇ ಆಗಿದ್ದು.

ಮೊದಲನೆಯದು 2018ರದ್ದು, ಕಾರ್ಟ್ರಿಜ್ ಹಾಕುವ ಸಣ್ಣ ಇಂಕ್‌ಜೆಟ್. ಮೂರು ಸಾವಿರದ ಒಳಗೆ ಸಿಕ್ಕಿತು, ಖುಷಿಯಾಯಿತು. ಮಿಷನ್ ಯಾಕೆ ಅಷ್ಟು ಅಗ್ಗ ಅಂತ ಎರಡನೇ ತಿಂಗಳಿಗೆ ಗೊತ್ತಾಯಿತು. ಕಪ್ಪು ಮತ್ತು ಕಲರ್, ಎರಡು ಕಾರ್ಟ್ರಿಜ್ ಸೇರಿದರೆ ಮಿಷನ್ನಿನ ಅರ್ಧ ಬೆಲೆ. ಕಲರಿನದ್ದರಲ್ಲಿ ಒಂದೇ ಡಬ್ಬಿಯೊಳಗೆ ಮೂರು ಬಣ್ಣ ಇರುತ್ತದೆ. ನಮ್ಮ ಮುರುಗಲು ಲೇಬಲ್ಲು ಪೂರ್ತಿ ಕೆಂಪು. ಹಾಗಾಗಿ ಕೆಂಪು ಖಾಲಿ, ನೀಲಿ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಆದರೂ ಇಡೀ ಡಬ್ಬಿ ಬಿಸಾಡಬೇಕು. ಸಿರಿಂಜ್‌ನಲ್ಲಿ ಇಂಕು ತುಂಬಿಸಿ ನೋಡಿದೆ. ಲೇಬಲ್ಲಿಗಿಂತ ಚೆನ್ನಾಗಿ ನನ್ನ ಬೆರಳಿಗೆ ಬಣ್ಣ ಹಿಡಿಯಿತು. ಅಡಿಕೆ ಸುಲಿದ ಕರೆಯೇ ಬೇಗ ಹೋಗುತ್ತದೆ, ಇದು ಹೋಗಲಿಲ್ಲ. ಲೆಕ್ಕ ಹಾಕಿ ಹಾಕಿ ಆಯಿ ಹೇಳಿದಳು, "ತಮಾ, ಮಿಡಿಗಿಂತ ಚೀಟಿಯೇ ತುಟ್ಟಿ ಆತಲ." ಆ ಮಿಷನ್ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ಇಲ್ಲ. ಮಕ್ಕಳ ಶಾಲೆ ಪ್ರಾಜೆಕ್ಟಿಗೆ ಸರಿ, ವ್ಯಾಪಾರಕ್ಕೆ ಬೇಡ.

ಇಲ್ಲೊಂದು ಮಾತು. ಪೆಟ್ಟಿಗೆ ಮೇಲೆ ಇಷ್ಟು ಸಾವಿರ ಪುಟ ಅಂತ ಬರೆದಿರುತ್ತಾರಲ್ಲ, ಅದು ಸುಳ್ಳಲ್ಲ, ಆದರೆ ನಮ್ಮ ಲೆಕ್ಕವೂ ಅಲ್ಲ. ಆ ಸಂಖ್ಯೆ ಬರುವುದು ಪುಟದಲ್ಲಿ ನೂರಕ್ಕೆ ಐದು ಭಾಗದಷ್ಟೇ ಇಂಕು ಬೀಳುವಂಥ ಪ್ರಿಂಟಿಗೆ, ಅಂದರೆ ಒಂದು ಸಾದಾ ಪತ್ರಕ್ಕೆ. ಲೇಬಲ್ಲು ಹಾಗಲ್ಲ. ಹಿಂದೆ ಗಾಢ ಕೆಂಪು, ಮೇಲೆ ಹಣ್ಣಿನ ಚಿತ್ರ, ಅಂಚಿಗೆ ಹಸೆ ಚಿತ್ತಾರ ಅಂತ ಹಾಕಿದರೆ ಅರ್ಧ ಹಾಳೆ ಇಂಕೇ. ನಾಲ್ಕು ಸಾವಿರ ಪುಟ ಅಂತ ಬರೆದಿದ್ದರೆ ನಾಲ್ಕು ನೂರು ಅಂದುಕೊಳ್ಳಿ, ನಿರಾಸೆ ಆಗುವುದಿಲ್ಲ.

ಎರಡನೆಯದು 2020ರಲ್ಲಿ, ಇಂಕ್ ಟ್ಯಾಂಕ್. ಈ ಜಾತಿಯ ಪ್ರಿಂಟರನ್ನು ನಾನು ಬೈಯುವುದಿಲ್ಲ. ಎಪ್ಸನ್ ಕಂಪನಿ 2010ರಲ್ಲಿ ಇಂಡೋನೇಷ್ಯಾದಲ್ಲಿ ಮೊದಲು ಬಿಟ್ಟಿದ್ದು ಇದನ್ನು. ಅಲ್ಲೂ ನಮ್ಮ ಹಾಗೇ ಜನ ಕಾರ್ಟ್ರಿಜ್ ಬೆಲೆಗೆ ಬೇಸತ್ತು ಹೊರಗಿನಿಂದ ಪೈಪು, ಬಾಟಲಿ ಕಟ್ಟಿ ಇಂಕು ಹರಿಸಿಕೊಳ್ಳುತ್ತಿದ್ದರು, ಅದನ್ನು ನೋಡಿ ಕಂಪನಿಯೇ ಟ್ಯಾಂಕ್ ಕೊಟ್ಟಿತು. ಆಮೇಲೆ ಕ್ಯಾನನ್, ಎಚ್‌ಪಿ, ಬ್ರದರ್ ಎಲ್ಲರೂ ಬಂದರು. ಖರ್ಚು ನಿಜವಾಗಿಯೂ ಕಡಿಮೆ. ಎಪ್ಸನ್ ಎಲ್3210, ಎಲ್3250ಕ್ಕೆ ಹಾಕುವ 003 ನಂಬರಿನ ಕಪ್ಪು ಬಾಟಲಿ 65 ಮಿಲಿ, 4,500 ಪುಟ ಅನ್ನುತ್ತಾರೆ. ಕ್ಯಾನನ್‌ನ ಜಿ2000, ಜಿ3000ದ್ದು 135 ಮಿಲಿ, 6,000 ಪುಟ. ಮೇಲೆ ಹೇಳಿದ ಐದು ಪರ್ಸೆಂಟ್ ಲೆಕ್ಕ ಇಲ್ಲಿಗೂ ಬರುತ್ತದೆ, ಆದರೂ ಕಾರ್ಟ್ರಿಜ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಾನು ಕೊಂಡದ್ದು ಯಾವ ಕಂಪನಿಯದು ಅಂತ ಬರೆಯುವುದಿಲ್ಲ, ಯಾಕೆಂದರೆ ಮುಂದೆ ಆದದ್ದಕ್ಕೆ ಕಂಪನಿ ಕಾರಣ ಅಲ್ಲ.

ಆದದ್ದು ಇಷ್ಟು. ಒಂದು ವರ್ಷ ಲೇಬಲ್ಲು ಭರ್ಜರಿಯಾಗಿ ಬಂತು. ಬಣ್ಣ ಚೆಂದ, ಚಿತ್ರ ಚೆಂದ. ಬೇಸಿಗೆಯಲ್ಲಿ ಬೆಂಗಳೂರಿನ ಗಿರಾಕಿ ಒಬ್ಬರಿಗೆ ಆರು ಬಾಟಲಿ ಮುರುಗಲು ಸಿರಪ್ ಕಳಿಸಿದೆ. ಅವರು ಫ್ರಿಜ್ಜಿನಲ್ಲಿಟ್ಟರು, ಹೊರಗೆ ತೆಗೆದರು, ಬಾಟಲಿ ಬೆವರಿತು. ಸಂಜೆ ನನಗೆ ಫೋಟೋ ಬಂತು. ನೀವು ನೋಡಿರುತ್ತೀರಿ, ತಿನ್ನುವ ಪದಾರ್ಥದ ಪ್ಯಾಕೆಟ್ ಮೇಲೆಲ್ಲ ಸಸ್ಯಾಹಾರಕ್ಕೆ ಚೌಕದೊಳಗೆ ಹಸಿರು ಚುಕ್ಕಿ ಇರಬೇಕು. ನಮ್ಮ ಹಸಿರು ಚುಕ್ಕಿ ನೀರಿಗೆ ಕರಗಿ, ಪಕ್ಕದ ಕೆಂಪು ಅದರೊಳಗೆ ಇಳಿದು, ಎರಡೂ ಸೇರಿ ಚೆನ್ನಾಗಿ ಕಾಸಿದ ಬೆಲ್ಲದಂಥ ಕಂದು ಬಣ್ಣ ಆಗಿತ್ತು. ಕಂದು ಅಂದರೆ ಮಾಂಸಾಹಾರದ ಗುರುತು. ಈಗ ಅದಕ್ಕೆ ತ್ರಿಕೋನ ಮಾಡಿದ್ದಾರೆ, ಮೊದಲು ಅದೂ ಚುಕ್ಕಿಯೇ. ಫೋಟೋದ ಕೆಳಗೆ ಆ ಪುಣ್ಯಾತ್ಮರು ಬರೆದಿದ್ದರು, "ಭಟ್ರೇ, ಇದಕ್ಕೆ ಮೀನು ಗೀನು ಹಾಕಿಲ್ಲ ತಾನೇ?"

ಅವರು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅದೇ ಲೇಬಲ್ಲಿನ ಇನ್ನೂ ನೂರೈವತ್ತು ಬಾಟಲಿ ಅಂಗಡಿಗಳಲ್ಲಿದ್ದವು.

ಕಾರಣ ಸುಲಭ. ಇಂಕ್‌ಜೆಟ್ ಇಂಕಿನಲ್ಲಿ ಎರಡು ತರಹ. ಒಂದು ಡೈ, ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ ಬಣ್ಣ ಕರಗಿರುತ್ತದೆ. ಇನ್ನೊಂದು ಪಿಗ್ಮೆಂಟ್, ಬಣ್ಣದ ನುಣ್ಣನೆ ಪುಡಿ ಅದರಲ್ಲಿ ತೇಲುತ್ತಿರುತ್ತದೆ, ಕಾಗದದ ಮೇಲೆ ಕೂತರೆ ನೀರಿಗೆ ಅಷ್ಟು ಬೇಗ ಏಳುವುದಿಲ್ಲ. ಕಡಿಮೆ ಬೆಲೆಯ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಕೆಲವಕ್ಕೆ ಕಪ್ಪು ಮಾತ್ರ ಪಿಗ್ಮೆಂಟ್ ಇರುತ್ತದೆ (ಮೇಲೆ ಹೇಳಿದ ಕ್ಯಾನನ್ ಜಿ ಹಾಗೆ), ಕಲರ್ ಮೂರೂ ಡೈ. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ, ಕೇಳಿದರೆ "ಏನೂ ಆಗಲ್ಲ ಸರ್" ಅನ್ನುತ್ತಾರೆ. ನೀವೇ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಡೆಮೊ ಪ್ರಿಂಟ್ ತೆಗೆಸಿ, ಎರಡು ನಿಮಿಷ ಬಿಟ್ಟು ಬೆರಳನ್ನು ಒದ್ದೆ ಮಾಡಿ ಉಜ್ಜಿ. ಅಷ್ಟೇ.

ಲೇಬಲ್ಲಿನ ಮೇಲೆ ಅಗಲ ಟೇಪು ಸುತ್ತಿ ನೋಡಿದೆವು. ನೀರು ತಡೆಯಿತು. ಆದರೆ ಒಂದು ಬಾಟಲಿಗೆ ಒಂದು ನಿಮಿಷ ಹಿಡಿಯಿತು, ಮಳೆಗಾಲದಲ್ಲಿ ಅಂಚು ಎದ್ದು ಅದರೊಳಗೆ ಧೂಳು ಸೇರಿ ನೋಡುವುದಕ್ಕೇ ಬೇಜಾರು.

ಟ್ಯಾಂಕ್ ಪ್ರಿಂಟರಿನ ಇನ್ನೊಂದು ತೊಂದರೆ ನಮ್ಮಂಥ ತೋಟದವರಿಗೇ ಹೇಳಿ ಮಾಡಿಸಿದ್ದು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾದರೆ ಎರಡು ತಿಂಗಳು ನಾವು ಯಾರೂ ಪ್ರಿಂಟರ್ ಕಡೆ ತಲೆ ಹಾಕಿ ಮಲಗುವುದಿಲ್ಲ. ಬೆಳಗಾದರೆ ತೋಟ, ರಾತ್ರಿಯಾದರೆ ಸುಲಿಯುವುದು, ಬೇಯಿಸುವುದು. ಚಳಿಗಾಲದ ಒಣ ಗಾಳಿ ಬೇರೆ. ಫೆಬ್ರುವರಿಯಲ್ಲಿ ಮಿಡಿ ಬಂತು ಅಂತ ಪ್ರಿಂಟರ್ ಹಚ್ಚಿದರೆ ಹೆಡ್ (ಇಂಕು ಸಿಂಪಡಿಸುವ ಭಾಗ) ಒಣಗಿ ಕೂತಿದೆ. ಪ್ರಿಂಟಿನ ತುಂಬ ಬಿಳಿ ಗೆರೆ. ಕ್ಲೀನಿಂಗ್ ಕೊಡಿ ಅಂತ ಪುಸ್ತಕದಲ್ಲಿದೆ, ಕೊಟ್ಟೆ, ಕೊಟ್ಟೆ, ಮತ್ತೆ ಕೊಟ್ಟೆ. ಪ್ರತಿ ಸಲ ಕ್ಲೀನ್ ಮಾಡುವಾಗಲೂ ಒಳ್ಳೆಯ ಇಂಕೇ ಹೊರಗೆ ಹೋಗಿ ಮಿಷನ್ನಿನ ತಳದಲ್ಲಿರುವ ಸ್ಪಂಜಿಗೆ ಸೇರುತ್ತದೆ. ಆ ಸ್ಪಂಜು ತುಂಬಿತು ಅಂತ ಲೆಕ್ಕ ಆದ ದಿನ ಮಿಷನ್ ದೀಪ ಮಿಣುಕಿಸುತ್ತಾ ನಿಂತುಬಿಡುತ್ತದೆ. ಈಗಿನ ಕೆಲವು ಮಾಡೆಲ್‌ಗಳಲ್ಲಿ ಅದನ್ನು ನಾವೇ ತೆಗೆದು ಹಾಕಬಹುದು, ಕೊಳ್ಳುವವರು ಅದನ್ನೊಂದು ನೋಡಿಕೊಳ್ಳಿ. ನನ್ನದರಲ್ಲಿ ಇರಲಿಲ್ಲ. ಹುಬ್ಬಳ್ಳಿಗೆ ಒಯ್ಯಬೇಕು ಅಂದರು. ನೂರು ಕಿಲೋಮೀಟರ್, ಬಸ್ಸಿನಲ್ಲಿ ಮಡಿಲ ಮೇಲೆ ಪ್ರಿಂಟರ್ ಇಟ್ಟುಕೊಂಡು, ಅಲುಗಾಡಿದರೆ ಇಂಕು ಚೆಲ್ಲುತ್ತದೆ ಅಂತ ಹೆದರಿಕೊಂಡು. ಪಕ್ಕದಲ್ಲಿ ಕೂತಿದ್ದ ಅಜ್ಜ ಮುಂಡಗೋಡದವರೆಗೂ ಅದು ಹೊಲಿಗೆ ಮಿಷನ್ ಅಂದುಕೊಂಡಿದ್ದರು.

ಟ್ಯಾಂಕ್ ಪ್ರಿಂಟರ್ ಇರುವವರು ಎರಡು ಕೆಲಸ ತಪ್ಪದೆ ಮಾಡಿ. ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ, ಬೇಕಿಲ್ಲದಿದ್ದರೂ. ಆಫ್ ಮಾಡುವಾಗ ಪ್ರಿಂಟರಿನ ಬಟನ್ನಿನಲ್ಲೇ ಆಫ್ ಮಾಡಿ, ಗೋಡೆ ಸ್ವಿಚ್ಚಿನಲ್ಲಿ ಅಲ್ಲ. ಬಟನ್ ಒತ್ತಿದರೆ ಮಾತ್ರ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆ ಸ್ವಿಚ್ ತೆಗೆದರೆ ಎಲ್ಲಿತ್ತೋ ಅಲ್ಲೇ ತೆರೆದ ಬಾಯಲ್ಲಿ ಒಣಗುತ್ತದೆ. ನಾನು ಎರಡು ವರ್ಷ ಗೋಡೆ ಸ್ವಿಚ್ಚೇ ತೆಗೆದದ್ದು.

ಮಧ್ಯೆ ಥರ್ಮಲ್ ಪ್ರಿಂಟರ್ ಹುಚ್ಚೂ ಹಿಡಿದಿತ್ತು. ಕುಮಟಾದಲ್ಲಿ ನನ್ನ ಭಾವ ಒಬ್ಬ ಗೋಡಂಬಿ ಪ್ಯಾಕ್ ಮಾಡಿ ಆನ್‌ಲೈನಿನಲ್ಲಿ ಮಾರುತ್ತಾನೆ. ಅವನ ಹತ್ತಿರ ನಾಲ್ಕು ಇಂಚು ಅಗಲದ ಲೇಬಲ್ ಪ್ರಿಂಟರ್ ಇದೆ. ಇಂಕಿಲ್ಲ, ಲೇಸರಿನ ಟೋನರ್ ಪುಡಿಯೂ ಇಲ್ಲ, ರೋಲ್ ಹಾಕಿದರೆ ಟರ್ ಟರ್ ಅಂತ ಅಡ್ರೆಸ್ ಚೀಟಿ ಉದುರುತ್ತದೆ. "ಇದೇ ತಗೊ ಭಾವಾ, ತಲೆಬಿಸಿ ಇಲ್ಲ" ಅಂದ. ಹದಿನೈದು ದಿನ ಎರವಲು ತಂದೆ. ಕೊರಿಯರ್ ಚೀಟಿಗೆ ಇದರಷ್ಟು ಚೆಂದದ ಸಾಮಾನು ಇನ್ನೊಂದಿಲ್ಲ. ಆದರೆ ಬಾಟಲಿಗೆ ಆಗುವುದಿಲ್ಲ, ಅದಕ್ಕೆ ಎರಡು ಕಾರಣ.

ಒಂದು, ಆ ಕಾಗದವೇ ಬಿಸಿಗೆ ಕಪ್ಪಾಗುವ ಕಾಗದ. ಬಿಸಿಲಿಗೆ ಮಂಕಾಗುತ್ತದೆ, ಎಣ್ಣೆ ತಾಗಿದರೆ ಅಕ್ಷರ ಮಾಯ ಆಗುತ್ತದೆ. ಉಪ್ಪಿನಕಾಯಿ ಬಾಟಲಿಯ ಮೇಲೆ ಎಣ್ಣೆ ತಾಗದಿರಲಿ ಅನ್ನುವುದು ಜೋಗದಲ್ಲಿ ನಿಂತು ನೀರು ಸಿಡಿಯದಿರಲಿ ಅಂದ ಹಾಗೆ. ಹತ್ತು ಬಾಟಲಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ, ಎರಡು ವಾರಕ್ಕೆ ಮೂರರಲ್ಲಿ ತಾರೀಕು ಓದಲು ಬರಲಿಲ್ಲ. ರಿಬ್ಬನ್ ಹಾಕುವ ಇನ್ನೊಂದು ಜಾತಿ ಇದೆ, ಅದರ ಅಕ್ಷರ ಬಾಳಿಕೆ ಬರುತ್ತದೆ, ಬೆಲೆಯೂ ಜಾಸ್ತಿ.

ಇನ್ನೊಂದು ಕಾರಣ ಕನ್ನಡದ್ದು. ಇದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳುವುದಿಲ್ಲ. ಈ ಮಿಷನ್‌ಗಳು ಸಾಮಾನ್ಯವಾಗಿ 203 ಡಿಪಿಐ, ಅಂದರೆ ಒಂದು ಮಿಲಿಮೀಟರಿಗೆ ಎಂಟು ಚುಕ್ಕಿ. ಇಂಗ್ಲಿಷ್ ಅಕ್ಷರಕ್ಕೆ ಸಾಕು. ನಮ್ಮದಕ್ಕೆ ಒತ್ತು ಇದೆಯಲ್ಲ? ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಹಾಕಿದೆ. "ಎಣ್ಣೆ" ಅನ್ನುವುದರ ಕೆಳಗಿನ ಣ ಒತ್ತು ಒಂದು ಕಪ್ಪು ಗುಳ್ಳೆ. "ಉಪ್ಪು" ಓದಿದರೆ ಉ ಆದಮೇಲೆ ಏನೋ ಒಂದು ಇರುವೆ ಸತ್ತ ಹಾಗೆ. ಲೇಸರ್ ಪ್ರಿಂಟರಿನ 600 ಡಿಪಿಐಯಲ್ಲಿ ಅದೇ ಅಳತೆಯ ಅಕ್ಷರ ಸ್ಪಷ್ಟ ಬರುತ್ತದೆ. ಕನ್ನಡದಲ್ಲಿ ಲೇಬಲ್ ಮಾಡುವವರು ಯಾವ ಪ್ರಿಂಟರ್ ನೋಡಲು ಹೋದರೂ "ಅಪ್ಪೆಮಿಡಿ ಉಪ್ಪಿನಕಾಯಿ, ಎಳ್ಳೆಣ್ಣೆ, ಬೆಳ್ಳುಳ್ಳಿ" ಅಂತ ಸಣ್ಣಕ್ಷರದಲ್ಲಿ ಟೈಪ್ ಮಾಡಿದ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅದನ್ನು ಪಿಡಿಎಫ್ ಮಾಡಿಯೇ ಒಯ್ಯಿರಿ, ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲದೆ ಲೇಬಲ್ಲು ಇನ್ಯಾವುದೋ ಭಾಷೆಯಾಗಿ ಹೊರಗೆ ಬರುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಪ್ರಿಂಟರ್ ಮಾರುವವರಲ್ಲ, ಶಿರಸಿಯಲ್ಲಿ ಟೋನರ್ ರಿಫಿಲ್ ಮಾಡುವ ಒಬ್ಬ ಹುಡುಗ. ಟ್ಯಾಂಕ್ ಪ್ರಿಂಟರಿನ ಕಥೆ ಎಲ್ಲ ಕೇಳಿಸಿಕೊಂಡು, ಕೈಯಲ್ಲಿದ್ದ ಕಾರ್ಟ್ರಿಜ್ ಕೊಡವುತ್ತಾ ಕೇಳಿದ, "ಭಟ್ರೇ, ನಿಮ್ಮ ಲೇಬಲ್ಲಿನ ಬಣ್ಣ ದಿನಾ ಬದಲಾಗ್ತದಾ?"

"ಇಲ್ಲ."

"ಮತ್ತೆ ಬಣ್ಣ ಯಾಕೆ ದಿನಾ ಪ್ರಿಂಟ್ ಮಾಡ್ತೀರಿ?"

ನಾನು ಸುಮ್ನೆ ನಿಂತೆ. ಹೌದಲ್ಲ! ನಮ್ಮ ಲೇಬಲ್ಲಿನಲ್ಲಿ ಹೆಸರು, ಚಿತ್ರ, ಹಸಿರು ಚುಕ್ಕಿ, ಎಫ್‌ಎಸ್‌ಎಸ್‌ಎಐನ ಆಹಾರ ಪರವಾನಗಿ ನಂಬರಿನ ಹದಿನಾಲ್ಕು ಅಂಕಿ, ವಿಳಾಸ, ಇವು ಯಾವುದೂ ವರ್ಷಗಟ್ಟಲೆ ಬದಲಾಗುವುದಿಲ್ಲ. ಬದಲಾಗುವುದು ಮೂರೇ ಸಾಲು: ಬ್ಯಾಚ್ ನಂಬರ್, ತಾರೀಕು, ಬೆಲೆ. ಮೂರಕ್ಕೂ ಕಪ್ಪು ಸಾಕು. ಹಾಗಿದ್ದರೆ ಬಣ್ಣದ ಕೆಲಸ ಪ್ರೆಸ್ಸಿಗೆ, ಕಪ್ಪಿನ ಕೆಲಸ ಮನೆಗೆ.

ಪ್ರೆಸ್ಸಿನಲ್ಲಿ ಎ4 ಗಮ್‌ಶೀಟಿನ (ಹಿಂದೆ ಅಂಟು ಇರುವ ಹಾಳೆ) ಮೇಲೆ ಹನ್ನೆರಡು ಲೇಬಲ್ ಕೂರಿಸಿ, ಆ ಮೂರು ಸಾಲಿಗೆ ಬಿಳಿ ಜಾಗ ಬಿಟ್ಟು, ಒಂದೇ ಸಲ ಆರು ಸಾವಿರ ಲೇಬಲ್ ಮಾಡಿಸಿದೆ. ಒಂದಕ್ಕೆ ಒಂದು ರೂಪಾಯಿ ಚಿಲ್ಲರೆ ಬಿತ್ತು. ಆಫ್‌ಸೆಟ್ ಇಂಕು ಎಣ್ಣೆಯ ಇಂಕು, ನೀರಿಗೆ ಅಲ್ಲಾಡುವುದಿಲ್ಲ. ಹೊಸ ಬ್ಯಾಚ್ ಬಂದಾಗ ಎಷ್ಟು ಬೇಕೋ ಅಷ್ಟೇ ಶೀಟನ್ನು ಮನೆಯ ಪ್ರಿಂಟರಿನಲ್ಲಿ ಹಾಯಿಸುತ್ತೇವೆ. ಪ್ರೆಸ್ಸಿನವರಿಗೆ ಒಂದು ಮಾತು ಮೊದಲೇ ಹೇಳಿಡಿ: ಇದು ಆಮೇಲೆ ಲೇಸರ್ ಪ್ರಿಂಟರಿಗೆ ಹೋಗುತ್ತದೆ, ಆ ಬಿಳಿ ಜಾಗದ ಮೇಲೆ ವಾರ್ನಿಶ್, ಲ್ಯಾಮಿನೇಷನ್ ಬೇಡ, ಇಂಕು ಪೂರ್ತಿ ಒಣಗಿದ ಮೇಲೆ ಕೊಡಿ. ಮಿರಿಮಿರಿ ಕಾಗದದ ಮೇಲೆ ಟೋನರ್ ಸರಿಯಾಗಿ ಕಚ್ಚುವುದಿಲ್ಲ, ಉಗುರಿನಲ್ಲಿ ಕೆರೆದರೆ ಏಳುತ್ತದೆ.

ಈಗ ಮೂರನೆಯದು, ಕಪ್ಪು ಬಿಳುಪಿನ ಲೇಸರ್. ಲೇಸರ್ ಪ್ರಿಂಟರಿನಲ್ಲಿ ದ್ರವವೇ ಇಲ್ಲ. ಟೋನರ್ ಅಂದರೆ ಪ್ಲಾಸ್ಟಿಕ್ಕಿನ ನುಣುಪು ಪುಡಿ. ಅದನ್ನು ಕಾಗದದ ಮೇಲೆ ಕೂರಿಸಿ, ಸುಮಾರು 200 ಡಿಗ್ರಿ ಬಿಸಿಯ ರೋಲರಿನ ನಡುವೆ ಹಾಯಿಸಿ ಕರಗಿಸಿ ಅಂಟಿಸುತ್ತದೆ. ಒಣಗುವುದಕ್ಕೆ ಏನೂ ಇಲ್ಲ, ಎರಡು ತಿಂಗಳು ಮುಟ್ಟದಿದ್ದರೂ ಮೊದಲ ಪುಟವೇ ಸರಿ ಬರುತ್ತದೆ. ಕೊನೆ ಕೊಯ್ಲಿನವರಿಗೆ ಇನ್ನೇನು ಬೇಕು?

ಯಾವುದು ಕೊಳ್ಳುವುದು ಅನ್ನುವಾಗ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಎರಡೇ ಹೆಸರು, ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ 1020. ನಮ್ಮ ಕಡೆ ಸೊಸೈಟಿ, ಪಂಚಾಯತಿ, ಜೆರಾಕ್ಸ್ ಅಂಗಡಿ ಎಲ್ಲಿ ಹೋದರೂ ಮೇಜಿನ ಮೂಲೆಯಲ್ಲಿ ಇವೆರಡರಲ್ಲಿ ಒಂದು ಇರುತ್ತದೆ. ಇಪ್ಪತ್ತು ವರ್ಷ ಹಳೆಯ ಮಾಡೆಲ್‌ಗಳು. ಯಾಕೆ ಇನ್ನೂ ಬಿಟ್ಟಿಲ್ಲ ಅಂದರೆ ಕಾರ್ಟ್ರಿಜ್‌ನಲ್ಲಿ ರಿಫಿಲ್ ತಡೆಯುವ ಚಿಪ್ ಇಲ್ಲ. 1020ಕ್ಕೆ ಹಾಕುವ 12ಎ ಕಾರ್ಟ್ರಿಜ್ 2,000 ಪುಟ ಕೊಡುತ್ತದೆ, ಖಾಲಿಯಾದರೆ ಪುಡಿ ತುಂಬಿಸಿ ಮತ್ತೆ ಹಾಕಿದರಾಯಿತು. ಯಾವ ಊರಿನಲ್ಲೂ ರಿಪೇರಿ ಗೊತ್ತಿರುವವನು ಒಬ್ಬ ಇದ್ದೇ ಇರುತ್ತಾನೆ. ಹಳೇ ಮಿಷನ್ ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ಕೈ ಬಿಗಿ ಇರುವವರು ಅದನ್ನೇ ಕೊಳ್ಳಿ, ನಾಚಿಕೆ ಏನಿಲ್ಲ. ಎರಡೂ ಮಗ್ಗುಲು ತಾನೇ ಪ್ರಿಂಟ್ ಮಾಡುವುದಿಲ್ಲ ಮತ್ತು ಫೋನಿನಿಂದ ನೇರ ಆಗುವುದಿಲ್ಲ, ಅದೊಂದು ಗೊತ್ತಿರಲಿ.

ನಾನು ಕೊಂಡದ್ದು ಬ್ರದರ್ ಎಚ್‌ಎಲ್-ಎಲ್2321ಡಿ. ಹನ್ನೊಂದು ಸಾವಿರ ಚಿಲ್ಲರೆ ಕೊಟ್ಟೆ, 2022ರಲ್ಲಿ. ಎರಡೂ ಮಗ್ಗುಲು ತಾನೇ ಮಾಡುತ್ತದೆ, ನಿಮಿಷಕ್ಕೆ 30 ಪುಟ, ಕೆಳಗಿನ ಟ್ರೇಗೆ 250 ಹಾಳೆ. ಇದರಲ್ಲಿ ಟೋನರ್ ಬೇರೆ, ಡ್ರಮ್ (ಪುಡಿಯನ್ನು ಕಾಗದಕ್ಕೆ ದಾಟಿಸುವ ಉರುಳೆ) ಬೇರೆ. ಟಿಎನ್-2365 ಟೋನರ್ 2,600 ಪುಟ, ಡ್ರಮ್ 12,000 ಪುಟ. ಹೊಸ ಟೋನರ್ ಹಾಕಿದರೂ ಪುಟಕ್ಕೆ ಒಂದು ರೂಪಾಯಿ ಆಸುಪಾಸು ಬೀಳುತ್ತದೆ, ರಿಫಿಲ್ ಮಾಡಿಸಿದರೆ ಅದಕ್ಕಿಂತ ಬಹಳ ಕಡಿಮೆ. ಟ್ಯಾಂಕ್ ಪ್ರಿಂಟರಿನ ಪುಟ ಇದಕ್ಕಿಂತ ಅಗ್ಗ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಒಣಗಿದ ಹೆಡ್ ತೊಳೆಯಲು ಸುರಿದ ಇಂಕನ್ನು, ಹುಬ್ಬಳ್ಳಿ ಬಸ್ ಚಾರ್ಜನ್ನು ಆ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ?

ನನಗೆ ಇದು ಇಷ್ಟವಾದದ್ದು ಬೇರೆ ಒಂದು ಕಾರಣಕ್ಕೆ. ಟ್ರೇಯ ಮೇಲೆ ಒಂದೊಂದೇ ಹಾಳೆ ಕೊಡುವ ಸೀಳು ಇದೆ, ಹಿಂದಿನ ಮುಚ್ಚಳ ತೆರೆದಿಟ್ಟರೆ ಹಾಳೆ ಮೇಲಕ್ಕೆ ಸುತ್ತಿ ಬರದೆ ಹಿಂದಕ್ಕೆ ನೇರ ಹೋಗುತ್ತದೆ. ಗಮ್‌ಶೀಟ್ ದಪ್ಪ, ಸುತ್ತಿಸಿದರೆ ಒಳಗೆ ಲೇಬಲ್ ಏಳುವ ಭಯ. ನೇರ ಹಾಯಿಸಿದರೆ ಆ ಭಯ ಇಲ್ಲ. ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಒಂದು ಅಡಿ ಜಾಗ ಬಿಡಿ. ಕೊರತೆ ಅಂದರೆ ವೈಫೈ ಇಲ್ಲ, ಯುಎಸ್‌ಬಿ ವೈರ್ ಮಾತ್ರ. ಸ್ಕ್ಯಾನರೂ ಇಲ್ಲ. ಸ್ಕ್ಯಾನಿಗೆ ಫೋನ್ ಸಾಕು ಅಂತ ನಾನು ಬಿಟ್ಟೆ. ಹೆಂಡತಿಗೆ ಮಾತ್ರ ಅಡುಗೆಮನೆಯಿಂದ ಫೋನಿನಲ್ಲೇ ಬಿಲ್ ಕಳಿಸುವ ಆಸೆ ಇತ್ತು, ಆ ಆಸೆ ಹಾಗೇ ಉಳಿದಿದೆ. ವಾರಕ್ಕೊಮ್ಮೆ ನೆನಪಿಸುತ್ತಾಳೆ.

ಲೇಸರಿನಲ್ಲಿ ನಾನು ಮಾಡಿದ ದಡ್ಡತನ ಎರಡು, ಎರಡೂ ನನ್ನದೇ. 2024ರ ಜಾತ್ರೆಗೆ, ಅದು ನಡೆಯುವ ಬಿಡಕಿಬೈಲಿನಲ್ಲಿ, ಮಳಿಗೆ ಹಾಕಿದ್ದೆವು. ಅವಸರ. ಅರ್ಧ ಲೇಬಲ್ ತೆಗೆದಿದ್ದ ಶೀಟನ್ನು ವೇಸ್ಟ್ ಯಾಕೆ ಅಂತ ಮತ್ತೆ ಹಾಯಿಸಿದೆ. ಖಾಲಿ ಜಾಗದ ಅಂಚಿನಿಂದ ಒಂದು ಲೇಬಲ್ ಬಿಸಿಗೆ ಎದ್ದು ಒಳಗೇ ಅಂಟಿಕೊಂಡಿತು. ಚಿಮಟ ಹಾಕಿ ಎಳೆದೆ, ಡ್ರಮ್ಮಿನ ಮೇಲೆ ಗೀರು ಬಿತ್ತು, ಆಮೇಲೆ ಪ್ರತಿ ಪುಟದಲ್ಲೂ ಒಂದು ಕಪ್ಪು ಗೆರೆ. ಹೊಸ ಡ್ರಮ್. ಹನ್ನೆರಡು ಲೇಬಲ್ಲಿನ ಶೀಟಿನಲ್ಲಿ ಐದೇ ಬೇಕಿದ್ದರೂ ಹನ್ನೆರಡಕ್ಕೂ ಪ್ರಿಂಟ್ ಹಾಕಿ, ಉಳಿದದ್ದನ್ನು ಹರಿದು ಬಿಸಾಡಿ, ಅದೇ ಅಗ್ಗ.

ಇನ್ನೊಂದು, ಹರಿಯುವುದಿಲ್ಲ ಅಂತ ಪ್ಲಾಸ್ಟಿಕ್ ಗಮ್‌ಶೀಟ್ ತಂದು ಹಾಕಹೊರಟಿದ್ದೆ. ರಿಫಿಲ್ ಹುಡುಗ ಫೋನಿನಲ್ಲೇ ಕಿರುಚಿದ. 200 ಡಿಗ್ರಿ ರೋಲರಿನಲ್ಲಿ ಪಿವಿಸಿ ಕರಗಿ ಸುತ್ತಿಕೊಂಡರೆ ಮಿಷನ್ ಕಥೆ ಮುಗಿಯಿತು. ಪ್ಯಾಕೆಟ್ ಮೇಲೆ ಲೇಸರ್ ಅಂತ ಬರೆದಿದ್ದರೆ ಮಾತ್ರ ಹಾಕಿ.

ಕರೆಂಟಿನ ವಿಷಯ. ಲೇಸರ್ ಬಿಸಿ ಮಾಡುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಇಸ್ತ್ರಿಪೆಟ್ಟಿಗೆ ಹಾಕಿದ ಹಾಗೆ, ದೀಪ ಒಮ್ಮೆ ಮಂಕಾಗುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಇದನ್ನು ಹಚ್ಚಬೇಡಿ, ಕಿರ್ರ್ ಅಂತ ಕೂಗಿ ಎರಡೂ ಆಫ್ ಆಗುತ್ತವೆ. ನೇರ ಗೋಡೆ ಪ್ಲಗ್ಗಿಗೇ ಹಾಕಿ, ಸ್ಟೆಬಿಲೈಸರ್ ಇದ್ದರೆ ಒಳ್ಳೆಯದು. ಅಂದರೆ ಕರೆಂಟ್ ಇಲ್ಲದಾಗ ಪ್ರಿಂಟ್ ಇಲ್ಲ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಮೂರು ದಿನ ಕತ್ತಲೆ ಆಗುವುದು ನಮಗೆ ಹೊಸದಲ್ಲ, ಹಾಗಾಗಿ ಜೂನ್ ಬಂತು ಅಂದರೆ ನೂರು ಶೀಟ್ ಬ್ಯಾಚ್ ನಂಬರ್ ಹಾಕಿ ಮುಂಚೆಯೇ ಇಟ್ಟುಕೊಳ್ಳುತ್ತೇವೆ. ಇಂಕ್ ಟ್ಯಾಂಕ್ ಈ ವಿಷಯದಲ್ಲಿ ಮೇಲು, ಕೆಲವೇ ವ್ಯಾಟ್, ಇನ್ವರ್ಟರಿನಲ್ಲೇ ಓಡುತ್ತದೆ. ಕಾರವಾರ, ಅಂಕೋಲಾ ಕಡೆ ಸೇವಾ ಕೇಂದ್ರ ನಡೆಸುವವರು ದಿನಾ ಬಣ್ಣದ ಫೋಟೋ, ಅರ್ಜಿ ಅಂತ ತೆಗೆಯುತ್ತಲೇ ಇರುತ್ತಾರೆ, ಹೆಡ್ ಒಣಗುವ ಪ್ರಶ್ನೆಯೇ ಇಲ್ಲ. ಅವರಿಗೆ ಟ್ಯಾಂಕೇ ಸರಿ, ನನ್ನ ಮಾತು ಕೇಳಿ ಲೇಸರ್ ಕೊಳ್ಳಬೇಡಿ. ಇನ್ನು ತಿಂಗಳಿಗೆ ಐವತ್ತು ಬಾಟಲಿ ಮಾಡುವವರು ಪ್ರಿಂಟರನ್ನೇ ಕೊಳ್ಳಬೇಡಿ. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬನ್ನಿ.

ಎಲ್ಲಿ ಕೊಳ್ಳಬೇಕು? ಆನ್‌ಲೈನಿನಲ್ಲಿ ಏಳುನೂರು ರೂಪಾಯಿ ಕಡಿಮೆ ಇತ್ತು. ನಾನು ಶಿರಸಿಯಲ್ಲೇ ಕೊಂಡೆ. ಕೊಳ್ಳುವ ಮುಂಚೆ ರಿಫಿಲ್ ಹುಡುಗನ ಹತ್ತಿರ ಮಾಡೆಲ್ ಹೆಸರು ಹೇಳಿ, "ಇದನ್ನು ನೀನು ಬಿಚ್ಚುತ್ತೀಯಾ?" ಅಂತ ಕೇಳಿದೆ. ಬಿಚ್ಚುತ್ತೇನೆ ಅಂದ. ಬಿಚ್ಚುವುದಿಲ್ಲ ಅಂದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಹೊಸ ಮಾಡೆಲ್‌ಗಳಲ್ಲಿ ಕಾರ್ಟ್ರಿಜ್‌ಗೆ ಚಿಪ್ ಇರುವುದು ಜಾಸ್ತಿ, ರಿಫಿಲ್ ಮಾಡಿದರೂ ಮಿಷನ್ ಒಪ್ಪುವುದಿಲ್ಲ ಅಂತ ಹಠ ಮಾಡುತ್ತದೆ, ಅದನ್ನೂ ಅವನ ಹತ್ತಿರವೇ ಕೇಳಿ.

ಉಳಿದದ್ದು ಕಾಗದ. ಜುಲೈನಲ್ಲಿ ನಮ್ಮಲ್ಲಿ ಉಪ್ಪಿನ ಭರಣಿಯೇ ಬೆವರುತ್ತದೆ, ಕಾಗದ ಎಷ್ಟರದ್ದು. ತೇವ ಹಿಡಿದ ಹಾಳೆ ಅಂಚು ಸುರುಟಿಕೊಳ್ಳುತ್ತದೆ, ಎರಡು ಮೂರು ಒಟ್ಟಿಗೆ ಒಳಗೆ ಹೋಗುತ್ತದೆ, ಸಿಕ್ಕಿಕೊಳ್ಳುತ್ತದೆ, ಜನ ಪ್ರಿಂಟರ್ ಹಾಳು ಅನ್ನುತ್ತಾರೆ. ನಾನೂ ಅಂದೆ. ಆಯಿ ಏನೂ ಮಾತಾಡದೆ ಒಳಗೆ ಹೋಗಿ ತನ್ನ ಹಪ್ಪಳದ ಡಬ್ಬಿ ತಂದು ಮುಂದಿಟ್ಟಳು. ಬಿಗಿ ಮುಚ್ಚಳದ ದೊಡ್ಡ ತಗಡಿನ ಡಬ್ಬಿ, ಎ4 ಹಾಳೆ ಅಳತೆಗೆ ಮಾಡಿಸಿದ ಹಾಗೆ ಕೂತಿತು. ಆ ಮಳೆಗಾಲ ಒಂದು ಹಾಳೆಯೂ ಸಿಕ್ಕಿಕೊಳ್ಳಲಿಲ್ಲ. ಗಮ್‌ಶೀಟಿಗೆ ಸ್ವಲ್ಪ ಹಪ್ಪಳದ ವಾಸನೆ ಬರುತ್ತದೆ, ಗಿರಾಕಿಗಳು ಯಾರೂ ಈವರೆಗೆ ದೂರಿಲ್ಲ.

ಈ ಏಪ್ರಿಲಿನಲ್ಲಿ ಹಲಸು ಬಲಿಯಿತು, ಆಯಿ ಡಬ್ಬಿ ವಾಪಸ್ ಕೇಳಿದಳು. ಪೇಟೆಗೆ ಹೋಗಿ ಹೊಸದು ತಂದೆ, ಆರುನೂರೈವತ್ತು ರೂಪಾಯಿ. ಪ್ರಿಂಟರಿನ ಬೆಲೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.